ಮಗನು ಬರೆದುಕೊಟ್ಟ ಮುಚ್ಚಳಿಕೆ

ನಮ್ಮ ಬೀದಿಯ ಕೊನೆಯ ಹೆಂಚಿನ ಮನೆಯಲ್ಲಿ ವಾಸವಾಗಿರುವ ನಿವೃತ್ತ ಉಪಾಧ್ಯಾಯರು ಸಾಮಾನ್ಯವಾಗಿ ಯಾರ ಮನೆಗೂ ಹೋಗುವವರಲ್ಲ. ಮೂವತ್ತೈದು ವರ್ಷ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿ, ಈಗ ಎಪ್ಪತ್ತೊಂದರ ಹೊಸ್ತಿಲಲ್ಲಿರುವ ಅವರು, ಬೆಳಗ್ಗೆ ಪತ್ರಿಕೆ, ಮಧ್ಯಾಹ್ನ ಒಂದಿಷ್ಟು ನಿದ್ರೆ, ಸಂಜೆ ದೇವಸ್ಥಾನದ ಕಟ್ಟೆ, ಇಷ್ಟರಲ್ಲಿಯೇ ತೃಪ್ತರು. ಅಂಥವರು 2025ರ ಶ್ರಾವಣದ ಒಂದು ಸಂಜೆ, ಜಡಿಮಳೆಯಲ್ಲಿ ಕೊಡೆ ಹಿಡಿದು, ಬಗಲಿನಲ್ಲಿ ದಪ್ಪನೆಯ ಕಾಗದದ ಕಟ್ಟೊಂದನ್ನು ಇರುಕಿಕೊಂಡು ನಮ್ಮ ಬಾಗಿಲಿಗೆ ಬಂದಾಗ ನನಗೆ ಆಶ್ಚರ್ಯವೇ ಆಯಿತು.

“ನೀವು ಎಂ.ಎ. ಮಾಡಿದವರಲ್ಲವೆ?” ಎಂದರು, ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲೇ.

“ಹೌದು ಮೇಷ್ಟ್ರೇ, ಆದರೆ ಕನ್ನಡದಲ್ಲಿ” ಎಂದೆ ಸಂಕೋಚದಿಂದ.

“ಅದಕ್ಕೇ ಬಂದೆ. ಇಂಗ್ಲಿಷು ನನಗೂ ಬರುತ್ತದೆ. ಈ ಕಾಗದವು ಕನ್ನಡದಲ್ಲಿ ಏನು ಹೇಳುತ್ತದೆ ಎಂಬುದು ನನಗೆ ಗೊತ್ತಾಗಬೇಕು.”

ಕಟ್ಟನ್ನು ಬಿಚ್ಚಿ ನೋಡಿದೆ. ಅದು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಕಾರದವರ ಐ-864 ಎಂಬ ಸಂಖ್ಯೆಯ ನಮೂನೆ. ಮೇಷ್ಟ್ರ ಒಬ್ಬನೇ ಮಗನು ಇಪ್ಪತ್ತು ವರ್ಷಗಳ ಕೆಳಗೆ ಉದ್ಯೋಗಕ್ಕೆಂದು ಆ ದೇಶಕ್ಕೆ ಹೋದವನು. ಈಗ ಅಲ್ಲಿಯ ಪ್ರಜೆಯೇ ಆಗಿದ್ದಾನೆ. ಹೆಂಡತಿ, ಇಬ್ಬರು ಮಕ್ಕಳು. ವಯಸ್ಸಾದ ತಂದೆತಾಯಿಗಳು ಇಲ್ಲಿ ಇಬ್ಬರೇ ಇರುವುದು ಬೇಡವೆಂದು ಅವರನ್ನು ತನ್ನಲ್ಲಿಗೇ ಕರೆಸಿಕೊಳ್ಳಲು ಅರ್ಜಿ ಹಾಕಿದ್ದನು. ಅರ್ಜಿಯು ಮಂಜೂರಾಗಿ, ಅದರ ಮುಂದಿನ ಮೆಟ್ಟಿಲಾದ ಹಣಕಾಸಿನ ಹೊಣೆಪತ್ರವನ್ನು ತುಂಬಿ, ತಂದೆಯ ತಿಳುವಳಿಕೆಗೆಂದು ಒಂದು ಪ್ರತಿಯನ್ನು ಕಳುಹಿಸಿದ್ದನು. ಆದರೆ ಕಟ್ಟಿನಲ್ಲಿದ್ದುದು ಒಬ್ಬನ ಪತ್ರವಲ್ಲ, ಇಬ್ಬರದು. ಒಂದರ ಕೆಳಗೆ ಮಗನ ಸಹಿ. ಇನ್ನೊಂದರ ಕೆಳಗೆ ಮೇಷ್ಟ್ರು ಎಂದೂ ಕೇಳಿರದ ಹೆಸರಿನ ಯಾರೋ ಒಬ್ಬನ ಸಹಿ.

“ಮಗ ಬರೆದುಕೊಟ್ಟದ್ದು ಸರಿ. ಈ ಇನ್ನೊಬ್ಬ ಹುಡುಗ ಯಾರು? ಅವನೇಕೆ ನಮಗೆ ಜಾಮೀನು ನಿಲ್ಲಬೇಕು?”

ಅವರ ಧ್ವನಿಯಲ್ಲಿ ಕುತೂಹಲಕ್ಕಿಂತ ಅಂಜಿಕೆಯೇ ಹೆಚ್ಚಾಗಿತ್ತು. ಅದರ ಕಾರಣವೂ ಆ ಸಂಜೆಯೇ ತಿಳಿಯಿತು. ಮೇಷ್ಟ್ರ ತಂದೆಯವರು ಸ್ನೇಹಿತನೊಬ್ಬನು ಸಂಘದಲ್ಲಿ ಎತ್ತಿದ ಸಾಲಕ್ಕೆ ಜಾಮೀನು ನಿಂತು, ಅವನು ಊರು ಬಿಟ್ಟ ಮೇಲೆ ಎರಡು ಎಕರೆ ಗದ್ದೆಯನ್ನು ಹರಾಜಿಗೆ ಒಪ್ಪಿಸಿದವರು. “ಜಾಮೀನು ನಿಂತು ಜಮೀನು ಕಳೆದುಕೊಂಡವರ ಮಗ ನಾನು. ಸಹಿ ಎಂದರೆ ಏನೆಂಬುದು ನನಗೆ ಗೊತ್ತು” ಎಂದರು.

ವಿದೇಶಕ್ಕೆ ಹೋಗುವ ವಿಷಯ ಬಂದಾಗ ನಮ್ಮಲ್ಲಿ ಪಾಸ್‌ಪೋರ್ಟು, ವೀಸಾ, ಟಿಕೆಟು ಇವುಗಳ ಮಾತು ಧಾರಾಳವಾಗಿ ನಡೆಯುತ್ತದೆ. ಸಂಸಾರದವರನ್ನು ಕಾಯಂ ಆಗಿ ಕರೆಸಿಕೊಳ್ಳುವವನು ಅಲ್ಲಿಯ ಸರ್ಕಾರಕ್ಕೆ ಬರೆದುಕೊಡುವ ಈ ಕಾಗದದ ಮಾತು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಮೇಷ್ಟ್ರ ದೆಸೆಯಿಂದ ನಾನು ಒಂದು ತಿಂಗಳು ಅದರ ಬೆನ್ನು ಹತ್ತಬೇಕಾಯಿತು. ಕಾನೂನು ನನ್ನ ವಿಷಯವಲ್ಲ. ಆದರೆ ಒಂದು ಶಬ್ದವನ್ನು ಹಿಡಿದು ಅದರ ಮೂಲಕ್ಕೆ ಹೋಗುವುದು ನನ್ನ ಕಸುಬೇ ಆದುದರಿಂದ, ಅಲ್ಲಿಂದಲೇ ಆರಂಭಿಸಿದೆ.

ಹೊರೆ ಎಂಬ ಶಬ್ದ

ಈ ನಮೂನೆಯ ಬೇರಿನಲ್ಲಿರುವ ಶಬ್ದವೆಂದರೆ ‘ಹೊರೆ’. ದೇಶಕ್ಕೆ ಬರುವವನು ಅಲ್ಲಿಯ ಸಾರ್ವಜನಿಕರ ಮೇಲೆ ಹೊರೆಯಾಗಿ ಬೀಳಬಾರದು ಎಂಬುದು ಅದರ ತಿರುಳು. 1882ರ ಆಗಸ್ಟ್ 3ರಂದು ಅಮೆರಿಕದ ಕಾಂಗ್ರೆಸ್ಸು ಮಾಡಿದ ವಲಸೆಯ ಕಾನೂನಿನಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಹಡಗಿನಲ್ಲಿ ಬಂದಿಳಿಯುವ ಪ್ರತಿಯೊಬ್ಬನಿಗೂ 50 ಸೆಂಟುಗಳ ತಲೆಗಂದಾಯವನ್ನು ವಿಧಿಸಿ, ಅಪರಾಧಿಗಳನ್ನೂ ಬುದ್ಧಿಭ್ರಮಣೆಯವರನ್ನೂ ಜೊತೆಗೆ ‘ಸಾರ್ವಜನಿಕ ಹೊರೆಯಾಗದೆ ತನ್ನನ್ನು ತಾನು ನೋಡಿಕೊಳ್ಳಲಾರದವನನ್ನೂ’ ಇಳಿಯಗೊಡಬಾರದೆಂದು ಆ ಕಾನೂನು ಹೇಳಿತು. ಒಂಬತ್ತು ವರ್ಷಗಳ ತರುವಾಯ, 1891ರಲ್ಲಿ, ಈ ವಾಕ್ಯವನ್ನು ತಿದ್ದಿದರು. ‘ಹೊರೆಯಾಗುವ ಸಂಭವವುಳ್ಳವನು’ ಎಂದಾಯಿತು.

ವ್ಯಾಕರಣ ಓದಿದವರಿಗೆ ಈ ತಿದ್ದುಪಡಿಯ ಮಹಿಮೆ ಬೇಗನೆ ತಿಳಿಯುತ್ತದೆ. ಮೊದಲನೆಯದು ಕಣ್ಣೆದುರಿಗಿರುವ ಮನುಷ್ಯನ ಸ್ಥಿತಿಯ ಮಾತು. ಅವನು ಕುಂಟನೋ ಕುರುಡನೋ ಗಟ್ಟಿಮುಟ್ಟಾಗಿದ್ದಾನೋ ನೋಡಿ ಹೇಳಬಹುದು. ಎರಡನೆಯದು ಭವಿಷ್ಯತ್ಕಾಲದ ಮಾತು. ಅದನ್ನು ಹೇಳಲು ಜೋಯಿಸನೇ ಬೇಕು. ಆ ಜೋಯಿಸನ ಅಧಿಕಾರವು ಬಂದರಿನ ಗುಮಾಸ್ತನ ಕೈಗೆ ಬಂದಿತು. 1892ರ ಜನವರಿ 1ರಂದು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ತಪಾಸಣೆಯ ಠಾಣೆ ತೆರೆಯಿತು. 1909ರಲ್ಲಿ ಅಲ್ಲಿಯ ಕಮಿಷನರಾದ ವಿಲಿಯಂ ವಿಲಿಯಮ್ಸ್ ಎಂಬಾತನು, ಬಂದವನ ಜೇಬಿನಲ್ಲಿ ಊರು ಸೇರುವ ಟಿಕೆಟಿನ ಹೊರತಾಗಿ 25 ಡಾಲರುಗಳಾದರೂ ಇರಬೇಕೆಂದು ಸೂಚನೆ ಹೊರಡಿಸಿದನು. ಹೊಣೆ ಹೊರಲು ಯಾರಾದರೂ ನೆಂಟರು ಮುಂದೆ ಬಂದರೆ ಕೆಲಸ ಸಲೀಸು. ಇಲ್ಲವಾದರೆ ಬಂದ ಹಡಗಿನಲ್ಲಿಯೇ ಹಿಂದಕ್ಕೆ.

ಈ ಶಬ್ದವು ಎಷ್ಟು ಕ್ರೂರವಾಗಬಲ್ಲುದೆಂಬುದು 1930ರ ದಶಕದಲ್ಲಿ ಕಾಣಿಸಿತು. ಆರ್ಥಿಕ ಮುಗ್ಗಟ್ಟಿನ ಕಾಲ. ಅಧ್ಯಕ್ಷ ಹೂವರ್ ಅವರ ಸರ್ಕಾರವು 1930ರ ಸೆಪ್ಟೆಂಬರಿನಲ್ಲಿ, ‘ಹೊರೆಯಾಗುವ ಸಂಭವ’ವನ್ನು ಬಿಗಿಯಾಗಿ ಅರ್ಥಮಾಡಬೇಕೆಂದು ವಿದೇಶಗಳಲ್ಲಿದ್ದ ತನ್ನ ಕಾನ್ಸಲರಿಗೆ ತಿಳಿಸಿತು. ಮೂರು ವರ್ಷಗಳಲ್ಲಿ ಹಿಟ್ಲರನು ಜರ್ಮನಿಯ ಗದ್ದುಗೆಯನ್ನೇರಿದನು. ಜೀವ ಉಳಿಸಿಕೊಳ್ಳಲು ಓಡಿಬರುತ್ತಿದ್ದ ಯೆಹೂದ್ಯರ ಆಸ್ತಿಯನ್ನು ಅಲ್ಲಿಯ ಸರ್ಕಾರವು ಕಸಿದುಕೊಂಡು ಬರಿಗೈಯಲ್ಲಿ ಅಟ್ಟುತ್ತಿತ್ತು. ಬರಿಗೈಯವರು ಹೊರೆಯಾಗುವರೆಂದು ಇಲ್ಲಿಯ ಸರ್ಕಾರವು ಬಾಗಿಲಲ್ಲಿ ತಡೆಯುತ್ತಿತ್ತು. ಅಮೆರಿಕದಲ್ಲಿದ್ದ ಯಾರಾದರೂ ‘ಇವರ ಅನ್ನಬಟ್ಟೆಗೆ ನಾನು ಹೊಣೆ’ ಎಂದು ಅಫಿಡವಿಟ್ಟು ಬರೆದುಕೊಟ್ಟರೆ ಮಾತ್ರ ದಾರಿ. ಜರ್ಮನಿಯವರಿಗೆಂದು ಮೀಸಲಾಗಿದ್ದ ವಾರ್ಷಿಕ ಸಂಖ್ಯೆಯೂ ಆ ದಶಕದ ಬಹುಭಾಗ ಭರ್ತಿಯಾಗಲಿಲ್ಲ.

ಇಲ್ಲಿ ಒಬ್ಬ ಮುದುಕನನ್ನು ನೆನೆಯಲೇಬೇಕು. ಹಾಲಿವುಡ್ಡಿನ ಯೂನಿವರ್ಸಲ್ ಚಿತ್ರಸಂಸ್ಥೆಯನ್ನು ಕಟ್ಟಿದ ಕಾರ್ಲ್ ಲೆಮ್ಲೆ ಜರ್ಮನಿಯ ಲೌಪ್‌ಹೈಮ್ ಎಂಬ ಸಣ್ಣ ಊರಿನವನು. 1884ರಲ್ಲಿ, ಹದಿನೇಳರ ಹುಡುಗನಾಗಿದ್ದಾಗ, ಅಮೆರಿಕಕ್ಕೆ ಬಂದವನು. 1936ರಲ್ಲಿ ಸಂಸ್ಥೆಯು ಅವನ ಕೈ ಬಿಟ್ಟಿತು. ಆ ಬಳಿಕ ಅವನು ಮಾಡಿದ ಮುಖ್ಯ ಉದ್ಯೋಗವೆಂದರೆ ಅಫಿಡವಿಟ್ಟುಗಳಿಗೆ ಸಹಿ ಹಾಕುವುದು. ತನ್ನೂರಿನವರು, ನೆಂಟರು, ಮುಖವನ್ನೇ ಕಾಣದವರು, ಹೀಗೆ ಮುನ್ನೂರಕ್ಕೂ ಹೆಚ್ಚು ಮಂದಿಗೆ ಅವನು ಹೊಣೆ ನಿಂತನು. ಕೊನೆಕೊನೆಗೆ ಕಾನ್ಸಲರೇ ತಕರಾರು ತೆಗೆದರು: ಎಪ್ಪತ್ತು ದಾಟಿದ ಒಬ್ಬನು ಇಷ್ಟು ಜನರನ್ನು ಎಷ್ಟು ಕಾಲ ಸಾಕಬಲ್ಲನು? ಲೆಕ್ಕದ ದೃಷ್ಟಿಯಿಂದ ಪ್ರಶ್ನೆ ಸರಿಯಾದುದೇ. ಅವನು 1939ರ ಸೆಪ್ಟೆಂಬರಿನಲ್ಲಿ, ಯುದ್ಧ ಆರಂಭವಾದ ತಿಂಗಳಲ್ಲಿಯೇ, ತೀರಿಕೊಂಡನು.

ವಿಚಿತ್ರವೆಂದರೆ, ಪ್ರಾಣದ ಬೆಲೆಯಿದ್ದ ಆ ಅಫಿಡವಿಟ್ಟುಗಳಿಗೆ ಕಾನೂನಿನಲ್ಲಿ ಬಲವೇ ಇರಲಿಲ್ಲ. ಹೊಣೆ ನಿಂತವರಿಂದ ಹಣ ವಸೂಲು ಮಾಡಲು ಸರ್ಕಾರಗಳು ಮುಂದೆ ನ್ಯಾಯಾಲಯಕ್ಕೆ ಹೋದಾಗ, ಇದು ನೈತಿಕ ಹೊಣೆಯೇ ಹೊರತು ಕರಾರಲ್ಲವೆಂದು ನ್ಯಾಯಾಧೀಶರು ಕೈಚೆಲ್ಲಿದರು. ಸಹಿ ಹಾಕಿದವನ ಮೇಲೆ ದೇವರ ಭಯವಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಆ ಕಾಲವು 1996ಕ್ಕೆ ಮುಗಿಯಿತು. ಅಧ್ಯಕ್ಷ ಕ್ಲಿಂಟನ್ನರು ಆ ವರ್ಷದ ಸೆಪ್ಟೆಂಬರ್ 30ರಂದು ಅಂಕಿತ ಹಾಕಿದ ಕಾನೂನು ಹೊಣೆಪತ್ರವನ್ನು ನೈತಿಕತೆಯ ಲೋಕದಿಂದ ಇಳಿಸಿ ಕರಾರಿನ ಲೋಕಕ್ಕೆ ತಂದಿತು. 1997ರ ಡಿಸೆಂಬರ್ 19ರಿಂದ ಐ-864 ಜಾರಿಗೆ ಬಂದಿತು. ನಮ್ಮಲ್ಲಿ ಕಚೇರಿ ಕಟ್ಟೆಗಳಲ್ಲಿ ಸವೆದ ಹಳೆಯ ಶಬ್ದವೊಂದಿದೆ: ಮುಚ್ಚಳಿಕೆ. ಐ-864ನ್ನು ಕನ್ನಡಿಸೆಂದು ಕೇಳಿದ ಮೇಷ್ಟ್ರಿಗೆ ನಾನು ಕೊಟ್ಟ ಉತ್ತರವು ಅದೇ. ಅವರು ತಲೆಯಾಡಿಸಿದರು. ಪೊಲೀಸು ಠಾಣೆಯಲ್ಲಿ ಬರೆಸಿಕೊಳ್ಳುವ ಮುಚ್ಚಳಿಕೆ ಅವರಿಗೆ ಗೊತ್ತಿತ್ತು. ಮಗನು ತಾಯಿಗೆ ಅನ್ನ ಹಾಕುವೆನೆಂದು ಬರೆಯುವ ಮುಚ್ಚಳಿಕೆಯನ್ನು ಅವರು ನೋಡಿದುದು ಇದೇ ಮೊದಲು.

ಅಡುಗೆಮನೆಯಿಂದ ಹುಟ್ಟಿದ ಅಂಕಿ

ಹೊಣೆಗಾರನ ವರಮಾನ ಎಷ್ಟಿರಬೇಕು? ಬಡತನದ ರೇಖೆಯೆಂದು ಆ ಸರ್ಕಾರವು ವರ್ಷವರ್ಷವೂ ಪ್ರಕಟಿಸುವ ಮೊತ್ತದ ಮೇಲೆ ನೂರಕ್ಕೆ ಇಪ್ಪತ್ತೈದರಷ್ಟು ಸೇರಿಸಿದರೆ ಬರುವಷ್ಟು. 2025ರಲ್ಲಿ ಒಬ್ಬನಿಗೆ ವರ್ಷಕ್ಕೆ 15,650 ಡಾಲರು, ಮುಂದೆ ತಲೆಯೊಂದಕ್ಕೆ 5,500 ಎಂದು ಆ ರೇಖೆಯಿತ್ತು. ತಲೆಗಳನ್ನು ಎಣಿಸುವಾಗ ಹೊಣೆಗಾರ, ಅವನ ಹೆಂಡತಿ ಮಕ್ಕಳು, ಈಗ ಬರಲಿರುವವರು, ಈ ಹಿಂದೆ ಇದೇ ಬಗೆಯ ಪತ್ರ ಬರೆದುಕೊಟ್ಟು ಕರೆಸಿಕೊಂಡು ಇನ್ನೂ ಹೊಣೆ ಕಳೆಯದವರು, ಎಲ್ಲರನ್ನೂ ಸೇರಿಸಬೇಕು. ಮೇಷ್ಟ್ರ ಮಗನ ಮನೆಯಲ್ಲಿ ನಾಲ್ವರು; ತಂದೆತಾಯಿ ಸೇರಿ ಆರು. ಆರು ಜನಕ್ಕೆ ರೇಖೆಯು 43,150 ಡಾಲರು. ಅದರ ಒಂದೂಕಾಲು ಪಾಲೆಂದರೆ 53,937.

ಈ ಅಂಕಿ ಎಲ್ಲಿಂದ ಬಂತೆಂದು ಹುಡುಕುತ್ತ ಹೋದಾಗ ನಾನು ತಲುಪಿದುದು ಒಂದು ಅಡುಗೆಮನೆಗೆ. ಮಾಲಿ ಓರ್ಷಾನ್‌ಸ್ಕಿ ಎಂಬ ಮಹಿಳೆ ಅಮೆರಿಕದ ಸಾಮಾಜಿಕ ಭದ್ರತೆಯ ಇಲಾಖೆಯಲ್ಲಿ ಅಂಕಿಸಂಖ್ಯೆಗಳ ಕೆಲಸದಲ್ಲಿದ್ದರು. ಉಕ್ರೇನಿನಿಂದ ವಲಸೆ ಬಂದ ಬಡ ತಂದೆತಾಯಿಗಳ ಮಗಳು. 1915ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ಹುಟ್ಟಿದವರು. ಬಡವನೆಂದರೆ ಯಾರು ಎಂಬ ಪ್ರಶ್ನೆಗೆ 1960ರ ದಶಕದ ಆರಂಭದಲ್ಲಿ ಅವರು ಸರಳವಾದೊಂದು ಸೂತ್ರವನ್ನು ಕಂಡುಹಿಡಿದರು. ಕೈಯಲ್ಲಿ ಕಾಸಿಲ್ಲದ ಸಮಯದಲ್ಲಿ ತಾತ್ಕಾಲಿಕವಾಗಿ ದಿನ ದೂಡಲೆಂದು ಕೃಷಿ ಇಲಾಖೆಯವರು ಸಿದ್ಧಪಡಿಸಿದ್ದ ಅತಿ ಅಗ್ಗದ ಊಟದ ಪಟ್ಟಿಯೊಂದಿತ್ತು. 1955ರ ಸಮೀಕ್ಷೆಯೊಂದರ ಪ್ರಕಾರ ಸಾಮಾನ್ಯ ಸಂಸಾರವು ವರಮಾನದ ಮೂರನೆಯ ಒಂದು ಭಾಗವನ್ನು ಊಟಕ್ಕೆ ವೆಚ್ಚಮಾಡುತ್ತಿತ್ತು. ಆದುದರಿಂದ, ಆ ಅಗ್ಗದ ಊಟದ ಬೆಲೆಯನ್ನು ಮೂರರಿಂದ ಗುಣಿಸಿದರೆ ಬಡತನದ ಎಲ್ಲೆ ಸಿಕ್ಕಿತು. 1969ರಲ್ಲಿ ಸರ್ಕಾರವು ಅದನ್ನೇ ಅಧಿಕೃತವಾಗಿ ಒಪ್ಪಿಕೊಂಡಿತು. ಅಲ್ಲಿಂದೀಚೆಗೆ ಬೆಲೆಯೇರಿಕೆಗೆ ತಕ್ಕಂತೆ ಮೊತ್ತವನ್ನು ಏರಿಸುತ್ತ ಬಂದಿದ್ದಾರೆಯೇ ಹೊರತು ಸೂತ್ರದ ಅಡಿಪಾಯವನ್ನು ಕದಲಿಸಿಲ್ಲ.

ಈ ವಿಷಯವನ್ನು ಹೇಳಿದಾಗ ಮೇಷ್ಟ್ರ ಪತ್ನಿ ಹಜಾರದ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ಮನೆ ಬಾಡಿಗೆ, ಡಾಕ್ಟರ ಖರ್ಚು ಇದಕ್ಕೆಲ್ಲ ಲೆಕ್ಕ ಬೇಡವೆ?” ಎಂದು ಕೇಳಿದರು. ನಾಲ್ಕನೆಯ ತರಗತಿ ಓದಿದ ಆಕೆ ಕೇಳಿದ ಈ ಪ್ರಶ್ನೆಯನ್ನೇ ಅಲ್ಲಿಯ ಅರ್ಥಶಾಸ್ತ್ರಜ್ಞರು ಹಲವು ದಶಕಗಳಿಂದ ಕೇಳುತ್ತಿದ್ದಾರೆ. ವಿಶೇಷವಾಗಿ ಡಾಕ್ಟರ ಖರ್ಚು. ಅರವತ್ತೈದು ದಾಟಿದವರಿಗೆ ಅಲ್ಲಿ ಮೆಡಿಕೇರ್ ಎಂಬ ಸರ್ಕಾರಿ ವಿಮೆಯುಂಟು. ಆದರೆ ಅಲ್ಲಿ ದುಡಿದು ತೆರಿಗೆ ಕೊಟ್ಟಿರದ, ಹೊಸದಾಗಿ ಬಂದ ವೃದ್ಧರು ಕಾಯಂ ನಿವಾಸಿಗಳಾಗಿ ಐದು ವರ್ಷ ಎಡೆಬಿಡದೆ ವಾಸವಾಗಿದ್ದ ಮೇಲೆಯೇ ಕಂತು ಕಟ್ಟಿ ಅದಕ್ಕೆ ಸೇರಲು ಸಾಧ್ಯ. ಅಲ್ಲಿಯವರೆಗೆ ಖಾಸಗಿ ವಿಮೆ. ಅದರ ಕಂತು ಮಗನ ಜೇಬಿನದು. ಮುಚ್ಚಳಿಕೆಯ ಅಂಕಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಐ-864 ತುಂಬಿ ನಿಟ್ಟುಸಿರು ಬಿಟ್ಟವರು ನಿಜವಾದ ಲೆಕ್ಕವನ್ನು ಆಮೇಲೆ ಆರಂಭಿಸಬೇಕಾಗುತ್ತದೆ.

ಮೇಷ್ಟ್ರ ಮಗನ ಸಂಗತಿಗೆ ಬರೋಣ. ಅವನು ಒಂದು ವರ್ಷದ ಹಿಂದೆ ಸಂಬಳದ ಕೆಲಸವನ್ನು ಬಿಟ್ಟು ಸ್ವಂತ ಉದ್ಯಮವನ್ನು ಹೂಡಿದ್ದನು. ಹೊಸ ಅಂಗಡಿಗೆ ಮೊದಲ ವರ್ಷ ಲಾಭವೆಲ್ಲಿಯದು? ತೆರಿಗೆಯ ಪತ್ರದಲ್ಲಿ ಅವನ ವರಮಾನವು 38,000 ಡಾಲರೆಂದಿತ್ತು. ಹೆಂಡತಿ ಉದ್ಯೋಗದಲ್ಲಿಲ್ಲ. ಬೇಕಾದುದಕ್ಕೂ ಇದ್ದುದಕ್ಕೂ ನಡುವೆ ಹದಿನಾರು ಸಾವಿರ ಡಾಲರಿನಷ್ಟು ಕಂದಕ.

ಈ ಕಂದಕವನ್ನು ದಾಟಲು ಕಾನೂನು ಎರಡು ಸೇತುವೆಗಳನ್ನು ಕೊಟ್ಟಿದೆ. ಒಂದು, ಆಸ್ತಿ. ತಂದೆತಾಯಿಗಳ ವಿಷಯದಲ್ಲಿ, ಕೊರತೆಯ ಐದು ಪಟ್ಟು ಬೆಲೆಯ ಆಸ್ತಿಯನ್ನು ತೋರಿಸಬೇಕು; ಅದು ಒಂದು ವರ್ಷದೊಳಗೆ ನಗದಾಗುವಂತಿರಬೇಕು. ಹೊಣೆಗಾರನ ಆಸ್ತಿಯೇ ಆಗಬೇಕೆಂದಿಲ್ಲ, ಬರಲಿರುವವರ ಆಸ್ತಿಯೂ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಅದು 79,687 ಡಾಲರು, 2025ರ ವಿನಿಮಯದಲ್ಲಿ ಎಪ್ಪತ್ತು ಲಕ್ಷ ರೂಪಾಯಿಯ ಆಸುಪಾಸು. ಎರಡು, ಸಹಹೊಣೆಗಾರ. ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಆಗಿ, ಹದಿನೆಂಟು ವರ್ಷ ತುಂಬಿ, ಅಲ್ಲಿ ನೆಲೆಸಿರುವ ಯಾರಾದರೂ ಸರಿ, ನೆಂಟನೇ ಆಗಬೇಕಾಗಿಲ್ಲ. ಅವನ ಸ್ವಂತ ಸಂಸಾರದ ತಲೆಗಳೊಡನೆ ಬರಲಿರುವವರ ತಲೆಗಳನ್ನೂ ಕೂಡಿಸಿದ ಮೊತ್ತವನ್ನು ಅವನ ವರಮಾನವು ಮುಟ್ಟಿದರಾಯಿತು. ಹಾಗೆಂದು ಮಗನು ಪಾರಾಗುವುದಿಲ್ಲ. ಅವನೂ ಪತ್ರ ಬರೆದುಕೊಡಲೇಬೇಕು. ಇಬ್ಬರೂ ಪೂರ್ತಿ ಹೊಣೆಗೆ ಒಳಗಾಗುತ್ತಾರೆ.

“ಹಾಗಾದರೆ ಈ ಮನೆಯನ್ನೇ ತೋರಿಸಬಹುದಾಗಿತ್ತು!” ಎಂದರು ಮೇಷ್ಟ್ರು. ನಿವೃತ್ತಿಯ ಹಣದಿಂದ ಕೊಂಡ ಆ ಹೆಂಚಿನ ಮನೆಯ ಹಿತ್ತಿಲಲ್ಲಿ ನಾಲ್ಕು ತೆಂಗು, ಒಂದು ನುಗ್ಗೆ. ಈಚೆಗೆ ನಮ್ಮ ಬೀದಿಯ ನಿವೇಶನಗಳ ಬೆಲೆ ಏರಿದೆ; ಲೆಕ್ಕ ಹೊಂದುತ್ತಿತ್ತೇನೋ. ಮಗನಿಗೆ ಈ ದಾರಿ ಗೊತ್ತಿರಲಿಲ್ಲವೆಂದು ನಾನು ನಂಬಲಾರೆ. ಅಪ್ಪನ ಮನೆಯನ್ನು ಕಾಗದದ ಮೇಲೆ ಇಡುವುದಕ್ಕಿಂತ ಗೆಳೆಯನ ಮುಂದೆ ಕೈಯೊಡ್ಡುವುದು ವಾಸಿಯೆಂದು ಅವನಿಗೆ ತೋರಿರಬೇಕು. ಗೆಳೆಯನು ದಾವಣಗೆರೆಯ ಕಡೆಯವನು, ಮಗನೊಡನೆ ಹಿಂದೆ ಒಂದೇ ಕಚೇರಿಯಲ್ಲಿದ್ದವನು. ಹೆಂಡತಿ ಮತ್ತು ಒಂದು ಮಗುವಿನ ಜೊತೆಗೆ ಮೇಷ್ಟ್ರ ದಂಪತಿಗಳನ್ನೂ ಕೂಡಿಸಿಕೊಂಡು ಐದು ತಲೆಗಳ ಲೆಕ್ಕಕ್ಕೆ, ಅಂದರೆ 47,062 ಡಾಲರಿಗೆ, ಅವನು ಸಹಿ ಹಾಕಿಕೊಟ್ಟಿದ್ದನು.

ಹೊಣೆ ಕಳೆಯುವುದು ಎಂದು?

ಮೇಷ್ಟ್ರ ನಿಜವಾದ ಪ್ರಶ್ನೆಯು ಇದೇ. ಸಂಘದ ಸಾಲಕ್ಕೆ ಕೊನೆಯ ಕಂತೆಂಬುದುಂಟು. ಇದಕ್ಕೆ?

ಬಂದವರು ಅಮೆರಿಕದ ಪೌರರಾದರೆ ಹೊಣೆ ಕಳೆಯುತ್ತದೆ. ಸ್ಥೂಲವಾಗಿ ಹತ್ತು ವರ್ಷಗಳ ದುಡಿಮೆಯು ಅವರ ಹೆಸರಿನಲ್ಲಿ ಜಮೆಯಾದರೆ ಕಳೆಯುತ್ತದೆ. ಕಾಯಂ ವಾಸದ ಹಕ್ಕನ್ನು ಬಿಟ್ಟು ದೇಶದಿಂದ ಹೊರಟುಹೋದರೆ ಕಳೆಯುತ್ತದೆ. ಬಂದವರು ತೀರಿಕೊಂಡರೆ, ಅಥವಾ ಹೊಣೆಗಾರನೇ ತೀರಿಕೊಂಡರೆ ಕಳೆಯುತ್ತದೆ. ಹೊಣೆಗಾರನ ಕೆಲಸ ಹೋದರೆ ಕಳೆಯುವುದಿಲ್ಲ. ಜಗಳವಾಡಿದರೆ ಕಳೆಯುವುದಿಲ್ಲ. ಗಂಡನು ಹೆಂಡತಿಗೆಂದು ಬರೆದುಕೊಟ್ಟ ಪತ್ರವಾಗಿದ್ದರೆ ವಿವಾಹ ವಿಚ್ಛೇದನದಿಂದಲೂ ಕಳೆಯುವುದಿಲ್ಲ. ಮದುವೆಗಿಂತ ಮುಚ್ಚಳಿಕೆ ಗಟ್ಟಿ! ತ್ಯಜಿಸಲ್ಪಟ್ಟ ಪತ್ನಿಯು ತನ್ನ ಹೊಟ್ಟೆಪಾಡಿನ ಹಣಕ್ಕಾಗಿ ಮಾಜಿ ಪತಿಯ ಮೇಲೆ ಇದೇ ಪತ್ರದ ಆಧಾರದಿಂದ ದಾವಾ ಹೂಡಬಹುದು. ಆಕೆ ತಾನೇ ಕೆಲಸ ಹುಡುಕಿಕೊಳ್ಳಬೇಕಾಗಿತ್ತೆಂಬ ವಾದವು ಈ ಕರಾರಿನ ಎದುರು ನಿಲ್ಲುವುದಿಲ್ಲವೆಂದು 2012ರಲ್ಲಿ ಅಲ್ಲಿಯ ಏಳನೆಯ ವಲಯದ ಮೇಲ್ಮನವಿ ನ್ಯಾಯಾಲಯವು ತೀರ್ಪು ಕೊಟ್ಟಿದೆ. ಹೊಣೆಗಾರನು ಮನೆ ಬದಲಾಯಿಸಿದರೂ 30 ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು, ತಪ್ಪಿದರೆ ದಂಡ. ವೀಸಾ ಕೈಗೆ ಬರುವ ಮುನ್ನ ಸಹಿಯನ್ನು ಹಿಂತೆಗೆದುಕೊಳ್ಳಬಹುದು. ಬಂದಿಳಿದ ಮೇಲೆ ಆ ಮಾತಿಲ್ಲ.

ಮೇಷ್ಟ್ರು ಒಂದು ಪೆನ್ಸಿಲು ತೆಗೆದುಕೊಂಡು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿದರು. ತಾವು ಹೋಗಿ ಐದು ವರ್ಷವಾದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಪರೀಕ್ಷೆಯ ಇಂಗ್ಲಿಷಿಗೆ ತಾವು ಅಂಜುವವರಲ್ಲ. ಎಪ್ಪತ್ತಾರು ಎಪ್ಪತ್ತೇಳಕ್ಕೆ ತಮ್ಮ ಪಾಲಿನ ಹೊಣೆ ಆ ಹುಡುಗನ ಹೆಗಲಿನಿಂದ ಇಳಿಯಿತು. ಆದರೆ ಪತ್ನಿಗೆ ಇಂಗ್ಲಿಷು ಬಾರದು. ವಯಸ್ಸಾದವರಿಗೆ ಇಂಗ್ಲಿಷಿನಿಂದ ವಿನಾಯಿತಿಯುಂಟು, ಆದರೆ ಐವತ್ತೈದು ದಾಟಿದವರು ಅಲ್ಲಿ ಹದಿನೈದು ವರ್ಷ ಕಾಯಂ ನಿವಾಸಿಗಳಾಗಿದ್ದಿರಬೇಕು. ಆಕೆಗೆ ಈಗ ಅರವತ್ತಾರು. ಹದಿನೈದು ಕೂಡಿಸಿದರೆ ಎಂಬತ್ತೊಂದು.

“ಅಲ್ಲಿಯವರೆಗೂ ಯಾರ ಮಗನೋ ನನ್ನ ಹೆಂಡತಿಯ ಅನ್ನಕ್ಕೆ ಹೊಣೆ” ಎಂದು ಪೆನ್ಸಿಲನ್ನು ಕೆಳಗಿಟ್ಟರು.

ಅಮೆರಿಕದ ಸರ್ಕಾರವೊಂದೇ ಹೀಗೆ ಎಂದು ಭಾವಿಸಬೇಕಾಗಿಲ್ಲ. ಕೆನಡಾದಲ್ಲಿ ತಂದೆತಾಯಿಗಳಿಗೆ ಹೊಣೆ ನಿಲ್ಲುವ ಅವಧಿಯನ್ನು 2014ರಲ್ಲಿ ಹತ್ತರಿಂದ ಇಪ್ಪತ್ತು ವರ್ಷಗಳಿಗೆ ಏರಿಸಿದರು. ಬ್ರಿಟನ್ನಿನಲ್ಲಿ ಹೊರದೇಶದ ಪತಿಯನ್ನೋ ಪತ್ನಿಯನ್ನೋ ಕರೆಸಿಕೊಳ್ಳಲು 2012ರಲ್ಲಿ ವರ್ಷಕ್ಕೆ 18,600 ಪೌಂಡುಗಳ ವರಮಾನವಿರಬೇಕೆಂದು ಗೊತ್ತುಮಾಡಿ, 2024ರ ಏಪ್ರಿಲಿನಲ್ಲಿ ಅದನ್ನು 29,000ಕ್ಕೆ ಒಯ್ದರು. ತಂದೆತಾಯಿಗಳ ಮಾತಂತೂ, ಮತ್ತೊಬ್ಬರ ಆರೈಕೆಯಿಲ್ಲದೆ ದಿನಗಳೆಯಲಾರದ ಸ್ಥಿತಿಗೆ ಬಂದವರ ಹೊರತು ಇಲ್ಲವೆಂದೇ ಹೇಳಬೇಕು. ನಮ್ಮ ಕರಾವಳಿಯ ಭಟ್ಕಳ, ಉಡುಪಿ, ಮಂಗಳೂರುಗಳ ಮನೆಮನೆಗೂ ಪರಿಚಿತವಾದ ಕೊಲ್ಲಿ ರಾಷ್ಟ್ರಗಳ ರೀತಿಯೇ ಬೇರೆ. ಅಲ್ಲಿ ಕಾಯಂ ವಾಸದ ಆಸೆಯಿಲ್ಲ; ದುಡಿಯುವಷ್ಟು ಕಾಲ ಹೆಂಡತಿ ಮಕ್ಕಳು ಜೊತೆಗಿರಲು ಸಂಬಳದ ಮಿತಿ. ಕುವೈತಿನಲ್ಲಿ ಈ ಮಿತಿಯು 2024ರಲ್ಲಿ ತಿಂಗಳಿಗೆ 800 ದಿನಾರು ಆಯಿತು. ಸೌದಿ ಅರೇಬಿಯವು 2017ರ ಜುಲೈಯಿಂದ ಜೊತೆಗಿರುವ ಪ್ರತಿಯೊಬ್ಬ ಅವಲಂಬಿತರ ಮೇಲೂ ತಿಂಗಳಿಗೆ 100 ರಿಯಾಲು ಕಂದಾಯ ಹಾಕಿ, ವರ್ಷವರ್ಷವೂ ನೂರು ಏರಿಸುತ್ತ 2020ಕ್ಕೆ 400 ಮಾಡಿತು. ಹೆಂಡತಿ, ಇಬ್ಬರು ಮಕ್ಕಳಿರುವವನಿಗೆ ತಿಂಗಳಿಗೆ 1,200 ರಿಯಾಲು. ಸಣ್ಣ ಸಂಬಳದವರ ಎಷ್ಟೋ ಸಂಸಾರಗಳು ಹೊರೆ ತಾಳಲಾರದೆ ಊರಿಗೆ ಮರಳಿದುವು.

ಇದನ್ನೆಲ್ಲ ಓದಿ, ಪರದೇಶದವರು ಮಮತೆಗೆ ಮೋಲು ಕಟ್ಟುತ್ತಾರೆಂದು ನಾವು ಮೂಗು ಮುರಿಯುವುದು ಸುಲಭ. ನಾನೂ ಮೊದಲು ಹಾಗೆಯೇ ಎಣಿಸಿದೆ. ಆದರೆ ನಮ್ಮ ಸಂಸತ್ತು ಕೂಡ 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾನೂನನ್ನು ಮಾಡಬೇಕಾಗಿ ಬಂದಿತಲ್ಲವೆ? ಅನ್ನ ಹಾಕದ ಮಕ್ಕಳ ಮೇಲೆ ದೂರು ಹೇಳಿಕೊಳ್ಳಲು ನ್ಯಾಯಮಂಡಳಿಗಳು ಏರ್ಪಟ್ಟುವು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಗಳು ಅವುಗಳ ಮುಖ್ಯಸ್ಥರು. ತಿಂಗಳಿಗೆ 10,000 ರೂಪಾಯಿ ಮೀರದಂತೆ ಅವರು ಜೀವನಾಂಶವನ್ನು ಕೊಡಿಸಬಹುದು. ಆ ಕಾನೂನು ವಿದೇಶದಲ್ಲಿರುವ ಭಾರತದ ಪೌರರಿಗೂ ಅನ್ವಯಿಸುತ್ತದೆಂದು ಅದರ ಮೊದಲ ಪ್ರಕರಣದಲ್ಲಿಯೇ ಬರೆದಿದೆ. ಆದರೆ ಅಮೆರಿಕಕ್ಕೆ ತಂದೆತಾಯಿಗಳನ್ನು ಕಾಯಂ ಆಗಿ ಕರೆಸಿಕೊಳ್ಳಬೇಕಾದರೆ ಗ್ರೀನ್ ಕಾರ್ಡು ಸಾಲದು, ಮಗನು ಅಲ್ಲಿಯ ಪೌರನೇ ಆಗಿರಬೇಕು. ಅಲ್ಲಿಯ ಪೌರನಾದೊಡನೆ ಅವನು ನಮ್ಮ ಪೌರನಾಗಿ ಉಳಿಯುವುದಿಲ್ಲ. ಹೀಗೆ ಮೇಷ್ಟ್ರ ಮಗನು ಒಂದು ಕಾನೂನಿನ ಮಾತಿನಿಂದ ಹೊರಗೆ ನಡೆದು, ಇನ್ನೊಂದು ಕಾನೂನಿಗೆ ತಾನಾಗಿಯೇ ಕೈ ಕಟ್ಟಿಕೊಟ್ಟಿದ್ದಾನೆ. ಇದನ್ನು ಹೇಳಿದಾಗ ಮೇಷ್ಟ್ರ ಮುಖವು ಮೊದಲ ಸಲ ಸ್ವಲ್ಪ ಅರಳಿತು.

ಆದರೂ ಇನ್ನೊಬ್ಬ ಹುಡುಗನ ಸಹಿ ಅವರನ್ನು ಕೊರೆಯುತ್ತಲೇ ಇತ್ತು. ಮಗನಿಂದ ವಿಳಾಸವನ್ನು ತರಿಸಿಕೊಂಡು, ದಾವಣಗೆರೆಯಲ್ಲಿ ಕಿರಾಣಿ ಅಂಗಡಿಯಿಟ್ಟಿದ್ದ ಆ ಹುಡುಗನ ತಂದೆಗೆ ಒಂದು ಕಾಗದ ಬರೆದರು. ನನಗೂ ಓದಿ ಹೇಳಿದರು. ‘ತಮ್ಮ ಚಿರಂಜೀವಿಯು ನಮ್ಮಿಬ್ಬರ ಪೋಷಣೆಗೆ ಪರದೇಶದ ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಟ್ಟಿದ್ದಾನೆ. ಅದು ಹತ್ತು ಹದಿನೈದು ವರ್ಷ ಕಳೆಯದೆ ಇರಬಹುದು. ತಮ್ಮ ಒಪ್ಪಿಗೆಯಿಲ್ಲದೆ ಅದನ್ನು ಸ್ವೀಕರಿಸಲು ನನಗೆ ಮನಸ್ಸಿಲ್ಲ. ಈಗಲಾದರೆ ಹಿಂತೆಗೆದುಕೊಳ್ಳಲು ಅವಕಾಶವಿದೆ’ ಎಂದಿತ್ತು. ಕಾಗದಗಳೆಲ್ಲ ಆ ಹೊತ್ತಿಗೆ ನ್ಯೂಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಊರಿನಲ್ಲಿರುವ ವೀಸಾ ಕೇಂದ್ರದ ಕೈಸೇರಿದ್ದುವು.

ಹನ್ನೆರಡು ದಿನಗಳ ಮೇಲೆ ಉತ್ತರವು ಟಪಾಲಿನಲ್ಲಿ ಬರಲಿಲ್ಲ, ಫೋನಿನಲ್ಲಿ ಬಂದಿತು. ಅಂಗಡಿಯ ಗದ್ದಲದ ನಡುವೆ ಆ ಹಿರಿಯರು ಜೋರಾಗಿ ಮಾತನಾಡಿದರಂತೆ: “ನಮ್ಮ ಹುಡುಗ ನನಗೆ ಹೇಳೇ ಇರಲಿಲ್ಲ ಮೇಷ್ಟ್ರೇ. ಹೇಳಿದ್ದರೆ ಬೇಡ ಅಂತಿದ್ದೆನೋ ಏನೋ. ಈಗ ನೀವು ಕೇಳಿದ ಮೇಲೆ ಹೆಂಗೆ ಬೇಡ ಅನ್ನಲಿ? ಹೋಗಿ ಬನ್ನಿ.”

ಮುಂಬಯಿಯ ದೂತಾವಾಸದಲ್ಲಿ ಸಂದರ್ಶನದ ದಿನವು ಇನ್ನೂ ಗೊತ್ತಾಗಿಲ್ಲ. ಮೊನ್ನೆ ಸಂಜೆ ಅವರ ಮನೆಯ ಮುಂದೆ ಹಾದು ಹೋಗುತ್ತಿದ್ದಾಗ ಹಜಾರದಲ್ಲಿ ದೀಪ ಉರಿಯುತ್ತಿತ್ತು. ಮೇಷ್ಟ್ರು ನನ್ನನ್ನು ಕಂಡು ಒಳಕ್ಕೆ ಕರೆದರು. ಅವರ ಪತ್ನಿ ಚಾಪೆಯ ಮೇಲೆ ಕುಳಿತು, ಮಣೆಯ ಮೇಲೆ ನಾಲ್ಕು ಗೆರೆಯ ಕಾಪಿ ಪುಸ್ತಕವನ್ನಿಟ್ಟುಕೊಂಡು, ಇಂಗ್ಲಿಷಿನ ದೊಡ್ಡಕ್ಷರಗಳನ್ನು ತಿದ್ದುತ್ತಿದ್ದರು. ಪೌರತ್ವದ ಪರೀಕ್ಷೆಯಲ್ಲಿ ಮೂರರಲ್ಲಿ ಒಂದು ವಾಕ್ಯವನ್ನು ಓದಿದರೆ ಸಾಕು, ಮೂರರಲ್ಲಿ ಒಂದು ವಾಕ್ಯವನ್ನು ಬರೆದರೆ ಸಾಕೆಂದು ಮೇಷ್ಟ್ರು ಎಲ್ಲಿಂದಲೋ ತಿಳಿದುಕೊಂಡಿದ್ದರು.

“ಹದಿನೈದು ವರ್ಷದ್ದು ಐದಕ್ಕೆ ಇಳಿಯುತ್ತದೆ” ಎಂದರು ನನ್ನ ಕಡೆ ತಿರುಗಿ. ಆಮೇಲೆ ಪುಸ್ತಕದ ಮೇಲೆ ಬಾಗಿ, “ಜಿ ಅಕ್ಷರದ ಬಾಲ ಹಾಗಲ್ಲ, ಇನ್ನೊಂದು ಸಾರಿ ಬರಿ” ಎಂದರು.